ಮೊದಲು ಯಾವ ಗ್ರೀಸ್ ಇತ್ತು?

ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಗ್ರೀಸಪ್ಪ ಎನ್ನುತ್ತಾರೆ. ಆ ಹೆಸರು ಇಟ್ಟುಕೊಂಡವನೂ ಅವನೇ. ಈ ಯಂತ್ರಕ್ಕೆ ಯಾವ ಗ್ರೀಸ್ ಎಂದು ಕೇಳಿದರೆ ಸಾಕು, ಡಬ್ಬದಿಂದ ಒಂದು ಚಿಟಿಕೆ ತೆಗೆದು ಬೆರಳ ನಡುವೆ ತಿಕ್ಕಿ, ಮೂಸಿ, ಕಣ್ಣು ಮುಚ್ಚಿಕೊಂಡು, "ಭಾರ ಎಷ್ಟು? ಬಿಸಿ ಎಷ್ಟು? ನೀರು ಬೀಳುತ್ತಾ?" ಎಂದು ವಿಚಾರಣೆ ಶುರುಮಾಡುತ್ತಾನೆ. ಮನೆಗೊಂದು ಕುರ್ಚಿ ತರೋಣವೆಂದು ಹೆಂಡತಿ ಅಂದಾಗಲೂ ಇವೇ ಪ್ರಶ್ನೆಗಳು. "ಕೂರೋದು ನಿಮ್ಮಮ್ಮ. ಭಾರಾನೂ ಜಾಸ್ತಿ, ಬಿಸೀನೂ ಜಾಸ್ತಿ" ಎಂದಳು ಅವಳು. ಯಂತ್ರದ ವಿಚಾರಣೆಯಲ್ಲಿ ಕೊನೆಯ ಪ್ರಶ್ನೆಯನ್ನು ಮಾತ್ರ ದನಿ ತಗ್ಗಿಸಿ ಕೇಳುತ್ತಾನೆ: "ಅದರಲ್ಲಿ ಮೊದಲು ಯಾವ ಗ್ರೀಸ್ ಇತ್ತು?" ಅವನ ಮೇಜಿನ ಮೇಲೆ ಸುಟ್ಟು ಕರಕಲಾದ ಬೇರಿಂಗ್ ಒಂದಿದೆ. "ಇದೇ ಕಣ್ರೀ ನನ್ನ ಸರ್ಟಿಫಿಕೇಟು! ಹಳೇದನ್ನ ಒರೆಸದೆ ಅದರ ಮೇಲೇ ಬೇರೆ ಥರದ ಗ್ರೀಸ್ ತುಂಬಿಬಿಟ್ಟೆ. ಎರಡೂ ಸೇರಿ ನೀರಾಗಿ ಹರಿದುಹೋದ್ವು, ಬೇರಿಂಗ್ ಸುಟ್ಟುಹೋಯ್ತು. ತುಂಬಿದ ಪೆದ್ದ ನಾನೇ!" ಎಂದು ಬಂದವರಿಗೆಲ್ಲ ತೋರಿಸಿ, ಅವರಿಗಿಂತ ಮೊದಲು ತಾನೇ ನಗುತ್ತಾನೆ. ಅದು ಸುಟ್ಟ ದಿನ, "ಯಾರು ತುಂಬಿದ್ದು?" ಎಂದು ಮಾಲೀಕರು ಕೇಳಿದಾಗ ಅವನು ಗ್ರೀಸ್ ಹತ್ತಿದ ಕೈಯನ್ನು ಬೆನ್ನ ಹಿಂದೆ ಸರಿಸಿದ. ಅವನಿಗೆ ಕೆಲಸ ಕಲಿಸಿದ ಮೇಸ್ತ್ರಿ "ನಾನೇ" ಎಂದು ಹೇಳಿ, ಅಂದೇ ಕೆಲಸ ಕಳೆದುಕೊಂಡು, ಊಟದ ಡಬ್ಬಿ ಎತ್ತಿಕೊಂಡು ಗೇಟು ದಾಟಿ ಹೋದರು.