ಪಕ್ಕದ ಎಡೆ

ಮದ್ದೂರಿನಲ್ಲಿ ನನ್ನನ್ನು ಬಲ್ಲವರಿಲ್ಲದ ಅಂಗಡಿ ಹುಡುಕಿಕೊಂಡು ಹೋಗಿ ತಲೆಗೆ ಹಚ್ಚುವ ಬಣ್ಣ ತಂದವನು ನಾನು. ಅರ್ಧ ಊರಿಗೆ ಕನ್ನಡ ಕಲಿಸಿದ ಮೇಷ್ಟ್ರಿಗೆ ಅಂಥ ಅಂಗಡಿ ಸಿಗುವುದುಂಟೆ? ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದವನು ಹಳೆಯ ಶಿಷ್ಯ. "ಯಾರ್ಗೆ ಸಾ?" ಎಂದ. "ನಮ್ಮ ಭಾವನಿಗೆ ಕಣಪ್ಪ" ಎಂದೆ. ಭಾವನ ತಲೆ ಬೋಳೆಂಬುದು ಅವನಿಗೂ ಗೊತ್ತಿತ್ತು.

ಐವತ್ತು ದಾಟಿದವನಲ್ಲಿ ಪ್ರೀತಿ ಹುಟ್ಟಿದರೆ ಇಂಥ ಸುಳ್ಳುಗಳೂ ಜೊತೆಗೇ ಹುಟ್ಟುತ್ತವೆ. ನಮ್ಮ ಕಾವ್ಯಶಾಸ್ತ್ರದವರು ಧೀರೋದಾತ್ತ, ಧೀರಲಲಿತ ಎಂದು ನಾಯಕರಲ್ಲಿ ಬಗೆಬಗೆ ಹೇಳಿದರು. ಮಂಡಿನೋವಿನ ನಾಯಕನ ವಿಚಾರದಲ್ಲಿ ಮಾತ್ರ ಸುಮ್ಮನಾಗಿಬಿಟ್ಟರು. ವಿರಹವೆಂದರೆ ಅವರಿಗೆ ಚಂದ್ರನನ್ನು ಕಂಡು ಮೈ ಸುಡುವುದು. ಹೆಂಡತಿ ಸಾವಿತ್ರಿ ತೀರಿಕೊಂಡ ಮೇಲೆ ನಾನು ಕಂಡ ವಿರಹ ಬೇರೆ. ಒಬ್ಬನಿಗೆ ಎಷ್ಟು ಅಕ್ಕಿ ಹಾಕಬೇಕೆಂದು ತಿಳಿಯದೆ ಕುಕ್ಕರಿನ ಮುಂದೆ ನಿಂತು ಎಷ್ಟೋ ಸಲ ಅತ್ತಿದ್ದೇನೆ.

ನಾನು ಮೆಚ್ಚಿದ್ದು ಜಯಮ್ಮನವರನ್ನು. ಬೆಸಗರಹಳ್ಳಿ ಕಡೆಯವರು, ನಮ್ಮ ಶಾಲೆಯಲ್ಲೇ ಹೊಲಿಗೆ ಕಲಿಸುತ್ತಿದ್ದರು. ಗಂಡ ರಾಮಣ್ಣ ತೀರಿಹೋಗಿ ವರ್ಷಗಳಾಗಿದ್ದವು. ಒಂದು ಮಧ್ಯಾಹ್ನ ಧೈರ್ಯ ಮಾಡಿ, ಮದುವೆಯಾಗುತ್ತೀರಾ ಎಂದು ಕೇಳಿಯೇಬಿಟ್ಟೆ. ಅವರು ಊಟದ ಡಬ್ಬಿಯ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು.

"ಬತ್ತೀನಿ ಮೇಷ್ಟ್ರೆ. ಆದ್ರೆ ಪಿತೃಪಕ್ಸದಲ್ಲಿ ನಿಮ್ಮನೇಲಿ ನಮ್ಮೋರ್ಗೂ ಒಂದ್ ಎಡೆ ಇಕ್ಬೇಕು. ನಮ್ಗೆ ಮಕ್ಳಿಲ್ಲ. ನಾನೂ ಬುಟ್ರೆ ಅವ್ರಿಗೆ ಇಕ್ಕೋರ್ಯಾರು?"

ಪಿತೃಪಕ್ಷದಲ್ಲಿ ನಮ್ಮ ಕಡೆ, ತೀರಿಹೋದವರಿಗೆ ಅವರು ಇಷ್ಟಪಡುತ್ತಿದ್ದುದನ್ನೆಲ್ಲ ಎಲೆಯಲ್ಲಿ ಬಡಿಸಿ ಎಡೆ ಇಡುತ್ತೇವೆ. ಅದು ಮನೆತನದವರಿಗೆ ಮಾತ್ರ. ಸುದ್ದಿ ತಿಳಿದು ಹೊಳಲಿನಿಂದ ಬಂದ ನಮ್ಮಕ್ಕ ಕೆಂಡವಾದಳು. "ಯಾರೋ ಸತ್ತೋನ್ಗೆ ನಮ್ಮನೇಲಿ ಎಡೆ ಇಕ್ತೀಯೇನ್ಲಾ? ಜನ ಕ್ಯಾಕರಿಸಿ ಉಗೀತಾರೆ ಕಣ್ಲಾ!"

ಅಕ್ಕನ ಮಾತಿರಲಿ, ನನ್ನ ಹೊಟ್ಟೆಯೊಳಗೂ ಕಿಚ್ಚಿತ್ತು. ಸತ್ತವನ ಮೇಲೆ ಹೊಟ್ಟೆಕಿಚ್ಚು ಪಡುವಷ್ಟು ಅವಿವೇಕ ಇನ್ನೊಂದಿಲ್ಲ. ಅವನು ಜಗಳಕ್ಕೆ ಸಿಗುವುದಿಲ್ಲ, ಅವನಿಗೆ ಮುಪ್ಪೂ ಬರುವುದಿಲ್ಲ. ಆದರೆ ಸಾವಿತ್ರಿಗೆ ಎಡೆ ಇಡಬೇಡ ಎಂದು ಯಾರಾದರೂ ಹೇಳಿದ್ದರೆ ಅವರ ಜೊತೆ ನಾನು ಬಾಳುತ್ತಿದ್ದೆನೆ? ಗಂಡನನ್ನು ಹಸಿದಿರಲು ಬಿಟ್ಟು ಬರಲಾರೆ ಎನ್ನುವ ಹೆಂಗಸು ನನ್ನ ಕೈಯನ್ನೂ ಬಿಡುವವಳಲ್ಲ ಅನ್ನಿಸಿತು. ಮಂಡ್ಯದಲ್ಲಿ ಸಹಿ ಹಾಕಿ ಮದುವೆಯಾದೆವು. ಅಕ್ಕ ಬರಲಿಲ್ಲ.

ಅಪ್ಪ ಅವ್ವನ ಎಡೆ ಊರಿನಲ್ಲಿ ಅಣ್ಣನ ಮನೆಗೆ ಸೇರಿದ್ದು. ಹಾಗಾಗಿ ಈ ಸಲದ ಪಿತೃಪಕ್ಷದಲ್ಲಿ ನಮ್ಮ ನಡುಮನೆಯಲ್ಲಿ ಇದ್ದದ್ದು ಎರಡೇ ಎಲೆ. ಸಾವಿತ್ರಿಗೆ ಕಜ್ಜಾಯ, ಬಸ್ಸಾರು. ಪಕ್ಕದಲ್ಲಿ ರಾಮಣ್ಣನಿಗೆ ಮುದ್ದೆ, ನಾಟಿಕೋಳಿ ಸಾರು, ಒಂದು ಕಟ್ಟು ಬೀಡಿ. ಬೆಂಕಿಪೊಟ್ಟಣ ಇಡಲು ಜಯಮ್ಮ ಮರೆತಿದ್ದರು, ನಾನೇ ತಂದಿಟ್ಟೆ. ಕರ್ಪೂರ ಬೆಳಗಿ, ತೀರಿಹೋದವರು ಬಂದು ಉಣ್ಣಲೆಂದು ಪದ್ಧತಿಯಂತೆ ಬಾಗಿಲು ಮುಚ್ಚಿ ಇಬ್ಬರೂ ಜಗಲಿಯಲ್ಲಿ ಕೂತೆವು.

ನನಗೆ ಚಡಪಡಿಕೆ. ಸಾವಿತ್ರಿಗೆ ಬೀಡಿ ವಾಸನೆ ಆಗುತ್ತಿರಲಿಲ್ಲ. ಪರಿಚಯವಿಲ್ಲದ ಗಂಡಸಿನ ಪಕ್ಕ ಸಂಕೋಚದಿಂದ ಅರ್ಧಕ್ಕೇ ಎದ್ದುಬಿಟ್ಟರೆ? ತಡೆಯಲಾರದೆ ಎದ್ದು ಚಿಲಕಕ್ಕೆ ಕೈಹಾಕಿದೆ. ಜಯಮ್ಮ ಕೈ ಹಿಡಿದುಕೊಂಡರು. ಅವರ ಕಣ್ಣು ತುಂಬಿತ್ತು.

"ವಸಿ ಒತ್ತು ತಡೀರಿ ಮೇಷ್ಟ್ರೆ. ನಮ್ ಮದ್ವೇಲಿ ಎಣ್ಣು ಒಪ್ಸೋಕೆ ಯಾರೂ ಬರ್ನಿಲ್ಲ. ಈಗ ಒಳ್ಗೆ ಅವ್ರಿಬ್ರೂ ನಮ್ಮಿಬ್ರನ್ನೂ ಒಪ್ಪಿಸ್ತಾವ್ರೆ."

ನಾನು ಚಿಲಕ ಬಿಟ್ಟು ಅವರ ಪಕ್ಕ ಕೂತೆ. ಸಾರು ಆರಿದರೆ ಆರಲಿ, ಆ ಮಾತುಕತೆ ಅವಸರದಲ್ಲಿ ಮುಗಿಯುವಂಥದಲ್ಲ.