ದರ್ಜಿಯ ಎರಡು ನಾಯಿಗಳು

ಮಳಖೇಡಕ್ಕೆ ಸಿಮೆಂಟ್ ಕಾರ್ಖಾನೆ ಬಂದ ಹೊಸತರಲ್ಲಿ ನಮ್ಮ ಮನೆಯೆದುರು ಒಬ್ಬ ದರ್ಜಿ ಇದ್ದರು. ಎಲ್ಲೋ ದೂರದ ಹಾಡು ಕೇಳುವವರಂತೆ ಅರೆಗಣ್ಣು ಮುಚ್ಚಿಕೊಂಡೇ ಯಂತ್ರ ತುಳಿಯುತ್ತಿದ್ದರು. ಪಕ್ಕದಲ್ಲಿ ಎರಡು ನಾಯಿಗಳು ಮಲಗಿರುತ್ತಿದ್ದವು. ಒಂದು, ವರ್ಗವಾಗಿ ಹೋದ ಎಂಜಿನಿಯರರು ಬಿಟ್ಟುಹೋದ ಅಪ್ಪಟ ಅಲ್ಸೇಷಿಯನ್. ಇನ್ನೊಂದು ಓಣಿಯಲ್ಲೇ ಹುಟ್ಟಿದ ಬೆರಕೆ ನಾಯಿ. ಅಲ್ಸೇಷಿಯನ್ ಹೇಳಿದ ಮಾತು ಕೇಳುತ್ತಿತ್ತು. ಬೆರಕೆ ನಾಯಿ ಕರೆದರೂ ಏಳುತ್ತಿರಲಿಲ್ಲ.

“ಜಾತಿ ನಾಯಿನೇ ಶಾಣ್ಯಾ ಅಲ್ಲೇನ್ರಿ?” ಎಂದು ಬಟ್ಟೆ ತಂದವರು ಕೇಳುತ್ತಿದ್ದರು.

ದರ್ಜಿ ಹಲ್ಲಿನಿಂದ ದಾರ ಕಡಿದು, “ಅದರ ಅಕಲು ಅದಕ್ಕದ, ಇದರದು ಇದಕ್ಕದರಿ” ಎನ್ನುತ್ತಿದ್ದರು.

ಅವರ ತಾಯಿಗೆ ಮರೆವು ಹತ್ತಿತ್ತು. ಮಳೆಗಾಲದ ಒಂದು ಮಧ್ಯಾಹ್ನ ಅಜ್ಜಿ ಮನೆಯಲ್ಲಿ ಕಾಣಲಿಲ್ಲ. ಕಾಗಿಣಾ ಹೊಳೆ ತುಂಬಿ ಹರಿಯುತ್ತಿತ್ತು. ದರ್ಜಿ ತಾಯಿ ಹೊದೆಯುವ ಕೌದಿಯನ್ನು ಅಲ್ಸೇಷಿಯನ್ ಮೂಗಿಗೆ ಹಿಡಿದು, “ಅವ್ವಗ ಹುಡುಕು” ಎಂದರು. ಅದು ನೆಲ ಮೂಸುತ್ತ ಊರಿನ ಹಳೇ ಕೋಟೆಯ ಹಿಂದೆ ಹೊಳೆಗಿಳಿಯುವ ಹಾದಿ ಹಿಡಿಯಿತು. ನಾವು ಬೆನ್ನ ಹಿಂದೆ ಓಡಿದೆವು. ಬೆರಕೆ ನಾಯಿಯ ನೆನಪೇ ಯಾರಿಗೂ ಬರಲಿಲ್ಲ.

ಮೋಡದ ಬೆಳಕಿನಲ್ಲಿ ಹೊಳೆಯೂ ಆಕಾಶವೂ ಒಂದೇ ಬಣ್ಣವಾಗಿದ್ದವು. ಅಜ್ಜಿ ನೀರಿನಂಚಿನಲ್ಲೇ ಕೂತಿದ್ದಳು. ಬೆರಕೆ ನಾಯಿ ಅವಳ ಸೆರಗು ಕಚ್ಚಿ, ಕಾಲೂರಿ, ಹಿಂದಕ್ಕೆ ಜಗ್ಗುತ್ತ ನಿಂತಿತ್ತು.

“ನೋಡೋ ಯಪ್ಪಾ, ತವರಿಗಿ ಹೊಂಟೀನಿ. ಈ ನಾಯಿ ಬಿಡವಲ್ದು” ಎಂದು ಅಜ್ಜಿ ಮಗನಿಗೆ ದೂರು ಹೇಳಿದಳು.

ದರ್ಜಿ ಕೆಸರಿನಲ್ಲೇ ತಾಯಿಯ ಪಕ್ಕ ಕೂತರು. ಸ್ವಲ್ಪ ಹೊತ್ತು ಅವಳೊಂದಿಗೆ ನೀರು ನೋಡಿ, “ನಾಳಿಗಿ ಹೋಗಮು ಯವ್ವಾ, ನಾನೂ ಬರ್ತೀನಿ” ಎಂದರು.

ಅಜ್ಜಿ ಎದ್ದು ಊರ ಕಡೆ ಮುಖ ಮಾಡಿದ ಮೇಲೆಯೇ ಬೆರಕೆ ನಾಯಿ ಸೆರಗು ಬಿಟ್ಟಿತು.