ಅವ್ವ ನಾರಾಯಣ ಅನ್ನಲಿಲ್ಲ

ಅವ್ವ ಸಾಯುವಾಗ ನಾರಾಯಣ ಅನ್ನಲಿಲ್ಲ, ನಾಗಮ್ಮ. ಅಂದಳು ಅಂತ ನಿನಗೆ, ನೆಂಟರಿಷ್ಟರಿಗೆ, ಇಡೀ ಬೆಸಗರಹಳ್ಳಿಗೆ ಹೇಳಿದವನು ನಾನು — ನಿನ್ನ ಒಡಹುಟ್ಟಿದ ಅಣ್ಣ. ಅದು ಸುಳ್ಳು. ಅದಕ್ಕಿಂತ ದೊಡ್ಡ ಸುಳ್ಳು ಇನ್ನೊಂದಿದೆ, ಅದನ್ನೂ ಹೇಳುತ್ತೇನೆ.

ಯುದ್ಧ ನಡೆಯುತ್ತಿದ್ದ ಕಾಲ ಅದು. ಮದ್ದೂರಿನ ಮಠಕ್ಕೆ ನಾನು ವೇದಾಂತ ಕೇಳಲು ಹೋಗಿಬರುತ್ತಿದ್ದೆ. ಜ್ಞಾನ, ಭಕ್ತಿ, ಕರ್ಮ, ಯಾವ ದಾರಿ ಹಿಡಿದರೂ ಸೇರುವುದು ಒಂದೇ ಕಡೆ ಅನ್ನುತ್ತಿದ್ದರು ಸ್ವಾಮಿಗಳು. ನನ್ನ ತಲೆಗೆ ಹತ್ತಿದ್ದು ಮಾತ್ರ ಬೇರೆ — ಪ್ರಾಣ ಹೋಗುವಾಗ ಮನಸ್ಸು ಯಾವುದಕ್ಕೆ ಅಂಟಿರುತ್ತದೋ ಜೀವ ಅಲ್ಲಿಗೇ ಹೋಗುತ್ತದೆ ಎಂಬ ಮಾತು. ಮಕ್ಕಳಿಗೆ ಅಂಟಿದರೆ ಮತ್ತೆ ಹುಟ್ಟು, ದೇವರಿಗೆ ಅಂಟಿದರೆ ಬಿಡುಗಡೆ. ಅರ್ಧ ಕಲಿತವನ ಗತ್ತು, ಕೇಳಬೇಕೆ? ಅವ್ವನಿಗೆ ಮೋಕ್ಷ ಕೊಡಿಸುವ ಭಾರವನ್ನು ನಾನೇ ಹೊತ್ತುಕೊಂಡೆ.

ಅವ್ವ ಹಾಸಿಗೆ ಹಿಡಿದಾಗ ನಿನಗೆ ಹೇಳಿಕಳಿಸಿದವಳು ನನ್ನ ಹೆಂಡತಿ, ನಾನಲ್ಲ. ಮಳವಳ್ಳಿಯಿಂದ, ಪೆಟ್ರೋಲು ಸಿಗದೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಆ ಬಸ್ಸಿನಲ್ಲಿ ಮುಖವೆಲ್ಲ ಮಸಿಯಾಗಿ ಬಂದೆ ನೀನು. ಹಿಂದಿನ ಗೌರಿಹಬ್ಬಕ್ಕೆ ಬಂದವಳು ಅವ್ವನ ಮೇಲೆ ಮುನಿಸಿಕೊಂಡು ಉಣ್ಣದೆ ಹೊರಟುಬಿಟ್ಟಿದ್ದೆಯಲ್ಲ, ಅದನ್ನೇ ಹೇಳಿಕೊಂಡು ಜಗಲಿಯ ಮೇಲೆ ಅಳುತ್ತಿದ್ದೆ. ಒಳಗೆ ಬಿಡಣ್ಣ ಅಂತ ನನ್ನ ಕಾಲು ಹಿಡಿದೆ. ಈಗತಾನೆ ನಿದ್ದೆ ಹತ್ತಿದೆ, ಆಮೇಲೆ ನೋಡುವೆಯಂತೆ ಅಂದೆ ನಾನು.

ನಿದ್ದೆ ಎಲ್ಲಿಯದು! ಒಳಗೆ ಹೋಗಿ ಅವ್ವನ ಬಾಯಿಗೆ ತುಳಸಿ ನೀರು ಬಿಡುತ್ತಿದ್ದೆ ನಾನು. ಅವ್ವ ತಲೆ ಎತ್ತಲು ನೋಡಿದಳು.

"ನಾಗಿ ದನಿ ಅಲ್ವೇನ್ಲಾ ಅದು?"

"ಅಲ್ಲ ಕಣವ್ವ, ಪಕ್ಕದ್ ಮನೆಯೋಳು. ನೀನು ನಾರಾಯಣ ಅನ್ನು."

ನನ್ನ ಮುಖವನ್ನೇ ನೋಡಿದಳು. ನಂಬಿದಳು — ಮಠಕ್ಕೆ ಹೋಗುವ ಮಗ ಅಲ್ಲವೆ ನಾನು.

"ಇನ್ನೂವೆ ಸಿಟ್ಟು ಓಗಿಲ್ಲ ಕಣ್ಲಾ ಅವ್ಳ್ಗೆ" ಅಂದು ಗೋಡೆಯ ಕಡೆ ತಿರುಗಿದಳು. ನಾನು ಕಿವಿಯ ಹತ್ತಿರ ನಾರಾಯಣ, ನಾರಾಯಣ ಅನ್ನುತ್ತಲೇ ಇದ್ದೆ. ಅವಳ ತುಟಿ ಅಲುಗಲಿಲ್ಲ. ಹಾಗೇ ಹೋಯಿತು ಜೀವ.

ಹೊರಗೆ ಬಂದು, ಪುಣ್ಯವಂತೆ, ದೇವರ ಹೆಸರು ಹೇಳುತ್ತಲೇ ಹೋದಳು ಅಂದೆ. ಎಲ್ಲರೂ ಕೈಮುಗಿದರು. ನೀನು ಮಾತ್ರ, ನನ್ನನ್ನು ಕೇಳಿದಳಾ ಅಣ್ಣ ಅಂದೆ. ಇಲ್ಲ ಅಂದೆ ನಾನು. ಅಲ್ಲಿಂದೀಚೆಗೆ ಎಷ್ಟು ಕರೆದರೂ ನೀನು ತವರಿನ ಹೊಸಿಲು ತುಳಿದಿಲ್ಲ. ಅವ್ವ ಸಿಟ್ಟಲ್ಲೇ ಹೋದಳು ಅಂತ ನಿನ್ನ ಅತ್ತಿಗೆಯ ಹತ್ತಿರ ಹೇಳಿಕೊಂಡು ಕಣ್ಣೀರಿಟ್ಟೆಯಂತೆ. ಅದು ಕಿವಿಗೆ ಬಿದ್ದ ಮೇಲೂ ನಾನು ಬಾಯಿ ಬಿಡಲಿಲ್ಲ. ಹೆದರಿಕೆ — ನೀನು ಏನನ್ನುತ್ತೀಯೋ, ಊರು ಏನನ್ನುತ್ತದೋ...

ಈಗ ಮಠಕ್ಕೆ ಹೋಗುತ್ತಿಲ್ಲ. ಹೋಗಿ ಏನಂತ ಕೇಳಲಿ? ಆಸೆ ಉಳಿಸಿಕೊಂಡು ಹೋದ ಜೀವ ಎಲ್ಲಿ ಅಲೆಯುತ್ತಿದೆಯೋ ಅಂತ ಉಣ್ಣಲು ಕೂತವನು ಅರ್ಧಕ್ಕೇ ಏಳುತ್ತೇನೆ. ಕೊಟ್ಟಿಗೆಯಲ್ಲಿ ಕರು ಹುಟ್ಟಿದರೆ ಅದರ ಕಣ್ಣು ನೋಡಲು ಭಯ. ಬಿಡಿಸುತ್ತೇನೆ ಅಂತ ಹೋಗಿ ಕಟ್ಟಿಹಾಕಿದವನು ನಾನೇ ಇರಬೇಕು.

ಕ್ಷಮಿಸು ಅನ್ನಲು ನನಗೆ ಮುಖವಿಲ್ಲ. ನಿನಗೆ ಗೊತ್ತಾಗಬೇಕಾದ್ದು ಇಷ್ಟು, ತಂಗಿ — ಅವ್ವ ನಿನ್ನ ಮೇಲೆ ಮುನಿದು ಹೋಗಲಿಲ್ಲ. ನೀನು ಜಗಲಿಯ ಮೇಲೆ ಅಳುತ್ತಾ ಕೂತಿರುವಾಗಲೇ, ನೀನು ಬರಲಿಲ್ಲ ಅಂದುಕೊಂಡು ಹೋದಳು.